ಹವಾಯಿ ದ್ವೀಪಗಳ ಗಿಡಮರಗಳು: ಹೆಸರುಗಳು ಹೇಳುವ ಚರಿತ್ರೆ

ಉಷ್ಣವಲಯದ ದ್ವೀಪ ಎಂದೊಡನೆ ಮನಸ್ಸಿನಲ್ಲಿ ಮೂಡುವ ಚಿತ್ರ ಹೆಚ್ಚುಕಡಿಮೆ ಎಲ್ಲರಲ್ಲಿಯೂ ಒಂದೇ. ಕಡಲ ದಂಡೆಯ ತೆಂಗಿನ ಸಾಲು, ಕೆಂಪು ದಾಸವಾಳ, ಕೊರಳಲ್ಲಿ ದೇವಕಣಗಿಲೆಯ ಹಾರ, ಬೇಲಿಯ ಮೇಲೆ ಹಬ್ಬಿದ ಕಾಗದದ ಹೂವು, ದೂರದಲ್ಲಿ ಅನಾನಸಿನ ಹೊಲ. ಶಾಂತಸಾಗರದ ಹವಾಯಿ ದ್ವೀಪಗಳನ್ನು ಜಗತ್ತು ಬಹುಮಟ್ಟಿಗೆ ಈ ಐದು ಸಸ್ಯಗಳಿಂದಲೇ ಗುರುತಿಸುತ್ತದೆ. ಆದರೆ ಈ ಐದರಲ್ಲಿ ಒಂದೂ ಹವಾಯಿಯ ಸ್ವಂತ ಸಸ್ಯವಲ್ಲ. ತೆಂಗನ್ನು ಪಾಲಿನೀಸಿಯನ್ನರು ದೋಣಿಗಳಲ್ಲಿ ತಂದರು. ಕೆಂಪು ದಾಸವಾಳ ಏಷ್ಯಾದಿಂದ ಬಂದಿತು. ದೇವಕಣಗಿಲೆ, ಅನಾನಸು, ಕಾಗದದ ಹೂವು ಈ ಮೂರೂ ಅಮೆರಿಕ ಖಂಡಗಳಿಂದ ಬಂದವು. ಆ ದ್ವೀಪಗಳಲ್ಲಿಯೇ ಹುಟ್ಟಿ ಬೇರೆಲ್ಲಿಯೂ ಕಾಣದ ನೂರಾರು ಗಿಡಗಳ ಹೆಸರನ್ನು ಅಲ್ಲಿಗೆ ಹೋಗಿಬರುವ ಪ್ರವಾಸಿಗರಲ್ಲಿ ಬಹುಪಾಲು ಜನ ಕೇಳಿರುವುದಿಲ್ಲ.

ಹೀಗೆ ದ್ವೀಪವೊಂದರಲ್ಲಿ 'ಸಾಮಾನ್ಯ' ಸಸ್ಯ ಬೇರೆ, 'ಸ್ವಂತ' ಸಸ್ಯ ಬೇರೆ. ಈ ಎರಡರ ನಡುವಣ ಅಂತರ ಹೇಗೆ ಉಂಟಾಯಿತೆಂಬುದನ್ನು ಸಸ್ಯಶಾಸ್ತ್ರ ತನ್ನ ರೀತಿಯಲ್ಲಿ ವಿವರಿಸುತ್ತದೆ. ಹವಾಯಿ ಭಾಷೆಯ ಸಸ್ಯನಾಮಗಳು ಅದೇ ಚರಿತ್ರೆಯನ್ನು ಇನ್ನೊಂದು ರೀತಿಯಲ್ಲಿ ಕಾಪಾಡಿಕೊಂಡು ಬಂದಿವೆ. ಯಾವ ಗಿಡ ಮೊದಲು ಬಂದಿತು, ಯಾವುದು ಜನರೊಡನೆ ಬಂದಿತು, ಯಾವುದು ಪರಕೀಯರ ಹಡಗಿನಲ್ಲಿ ಬಂದಿತು ಎಂಬ ವಿವರ ಎಷ್ಟೋ ವೇಳೆ ಹೆಸರಿನಲ್ಲಿಯೇ ಅಡಗಿದೆ. ಈ ಲೇಖನದಲ್ಲಿ ಅಂಥ ಕೆಲವು ಹೆಸರುಗಳನ್ನು ಪರಿಶೀಲಿಸಲಾಗಿದೆ. ಗಿಡ ಅಳಿದಾಗ ಹೆಸರಿಗೆ ಏನಾಗುತ್ತದೆ ಎಂಬುದು ಈ ಪರಿಶೀಲನೆಯ ಕೊನೆಯಲ್ಲಿ ಎದುರಾಗುವ ಪ್ರಶ್ನೆ.

೧. ತಾನಾಗಿ ಬಂದವು

ಹವಾಯಿಯಲ್ಲಿ ಎಂಟು ಮುಖ್ಯ ದ್ವೀಪಗಳಿವೆ. ಎಲ್ಲವೂ ಸಾಗರದ ತಳದಿಂದ ಅಗ್ನಿಪರ್ವತಗಳು ಉಕ್ಕಿ ಆದವು. ಯಾವ ಕಾಲದಲ್ಲಿಯೂ ಅವು ಖಂಡವೊಂದಕ್ಕೆ ಅಂಟಿಕೊಂಡಿರಲಿಲ್ಲ. ಅತ್ಯಂತ ಸಮೀಪದ ಖಂಡಭೂಮಿಯಾದ ಉತ್ತರ ಅಮೆರಿಕವೂ ಸುಮಾರು ೩,೮೦೦ ಕಿಲೋಮೀಟರ್ ದೂರದಲ್ಲಿದೆ. ಆದ್ದರಿಂದ ಬರಿಯ ಬಂಡೆಯಾಗಿದ್ದ ಈ ನೆಲಕ್ಕೆ ಪ್ರತಿಯೊಂದು ಬೀಜವೂ ಕಡಲನ್ನು ದಾಟಿಯೇ ಬರಬೇಕಾಯಿತು. ಕೆಲವು ಅಲೆಗಳ ಮೇಲೆ ತೇಲಿ ಬಂದವು. ಹಗುರವಾದ ಕೆಲವು ಗಾಳಿಯಲ್ಲಿ ಬಂದವು. ಮುಕ್ಕಾಲು ಪಾಲು ಹಕ್ಕಿಗಳ ಹೊಟ್ಟೆಯಲ್ಲಿ, ಗರಿಯಲ್ಲಿ, ಕಾಲಿನ ಕೆಸರಿನಲ್ಲಿ ಬಂದಿರಬೇಕೆಂದು ಸಸ್ಯಶಾಸ್ತ್ರಜ್ಞರ ಅಂದಾಜು.

ಹೀಗೆ ಬಂದು ಬೇರೂರಿದ ಮೂಲ ಸಸ್ಯಗಳ ಸಂಖ್ಯೆ ಸುಮಾರು ೨೭೦ ಎಂದು ಲೆಕ್ಕ ಹಾಕಲಾಗಿದೆ. ಇವುಗಳಿಂದ ಕವಲೊಡೆದು ಹವಾಯಿಯ ಹೂಬಿಡುವ ಸ್ವಂತ ಸಸ್ಯಗಳು ಸುಮಾರು ಒಂದು ಸಾವಿರ ಪ್ರಭೇದಗಳಷ್ಟಾದವು. ಅವುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಜಗತ್ತಿನ ಬೇರೆ ಯಾವ ಭಾಗದಲ್ಲಿಯೂ ತಾವಾಗಿ ಬೆಳೆಯುವುದಿಲ್ಲ. ಲೊಬೀಲಿಯ ವರ್ಗವೊಂದನ್ನೇ ತೆಗೆದುಕೊಂಡರೆ, ಒಂದೇ ಮೂಲದಿಂದ ೧೨೬ ಪ್ರಭೇದಗಳು ಹುಟ್ಟಿದವೆಂದು ೨೦೦೯ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಈ ಸಸ್ಯಗಳಿಗೆ ಇನ್ನೊಂದು ವಿಶೇಷವಿದೆ. ಮನುಷ್ಯ ಬರುವ ಮೊದಲು ಹವಾಯಿಯಲ್ಲಿ ಹುಲ್ಲು ಮೇಯುವ ಸಸ್ತನಿ ಇರಲಿಲ್ಲ. ನೆಲದ ಸಸ್ತನಿಗಳಲ್ಲಿ ಇದ್ದುದು ಬಾವಲಿ ಮಾತ್ರ. ಕಾಯುವ ಅಗತ್ಯವಿಲ್ಲದಿದ್ದಾಗ ಆಯುಧವೂ ಬೇಡವಾಗುತ್ತದೆ. ಅಲ್ಲಿಯ ಕಾಡು ರಾಸ್ಪ್‌ಬೆರಿಗೆ ಮುಳ್ಳು ಇಲ್ಲವೆಂಬಷ್ಟು ಕಡಿಮೆ. ಪುದೀನ ಮತ್ತು ತುಳಸಿಯ ಕುಟುಂಬಕ್ಕೆ ಸೇರಿದ ಅಲ್ಲಿಯ ಗಿಡಗಳಲ್ಲಿ ಹಲವಕ್ಕೆ ಆ ಕುಟುಂಬದ ಕಟುವಾಸನೆಯೇ ಇಲ್ಲ. ಲಕ್ಷಾಂತರ ವರ್ಷಗಳ ನೆಮ್ಮದಿ ಅವುಗಳನ್ನು ನಿರಾಯುಧಗೊಳಿಸಿತು. ಮುಂದೆ ಒದಗಿದ ವಿಪತ್ತಿನ ಬೀಜ ಇಲ್ಲಿಯೇ ಇತ್ತೆಂಬುದನ್ನು ಗಮನಿಸಬೇಕು.

ಕಡಲತೀರದಲ್ಲಿ ಹೇರಳವಾಗಿ ಕಾಣುವ ಸ್ವಂತ ಗಿಡಗಳಲ್ಲಿ 'ನೌಪಕ' ಮುಖ್ಯವಾದುದು. ಇದರ ಬಿಳಿಯ ಹೂವು ಅರ್ಧ ಕತ್ತರಿಸಿದಂತೆ ಒಂದೇ ಪಕ್ಕಕ್ಕೆ ಎಸಳುಗಳನ್ನು ಚಾಚುತ್ತದೆ. ಬೆಟ್ಟದ ಮೇಲೆಯೂ ನೌಪಕದ ಬೇರೆ ಪ್ರಭೇದಗಳಿವೆ. ಅಗಲಿದ ಪ್ರೇಮಿಗಳಲ್ಲಿ ಒಬ್ಬರು ಕಡಲಿನತ್ತ, ಇನ್ನೊಬ್ಬರು ಬೆಟ್ಟದತ್ತ ಹೋದರು, ಎರಡು ಹೂಗಳನ್ನು ಜೋಡಿಸಿದರೆ ಮಾತ್ರ ಒಂದು ಪೂರ್ಣ ಹೂವಾಗುತ್ತದೆ ಎಂಬುದು ಜನಪದ ಕಥೆ. ತೀರದ ನೌಪಕದ ಕಾಯಿ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ತೇಲಬಲ್ಲುದು. ಆದುದರಿಂದಲೇ ಈ ಗಿಡ ಹಿಂದೂಸಾಗರದ ಅಂಡಮಾನ್, ಲಕ್ಷದ್ವೀಪಗಳ ತೀರದಲ್ಲಿಯೂ ಕಾಣಸಿಗುತ್ತದೆ.

ಕನ್ನಡದ ಕೇದಗೆಯ ಬಂಧುವಾದ 'ಹಾಲ' ಇನ್ನೊಂದು ಉದಾಹರಣೆ. ಇದರ ಓಲೆಗಳಿಂದ ಚಾಪೆ, ಬುಟ್ಟಿ, ದೋಣಿಯ ಹಾಯಿಗಳನ್ನು ಹೆಣೆಯುತ್ತಿದ್ದರು. ಇಷ್ಟು ಉಪಯುಕ್ತವಾದ ಮರವನ್ನು ಪಾಲಿನೀಸಿಯನ್ನರೇ ತಂದಿರಬೇಕೆಂದು ಬಹುಕಾಲ ನಂಬಲಾಗಿತ್ತು. ೧೯೯೩ರಲ್ಲಿ ಕವಾಯಿ ದ್ವೀಪದ ಹನಲೆಯಿ ಎಂಬಲ್ಲಿ ಲಾವಾ ಬಂಡೆಯೊಳಗೆ ಇದರ ಪಳೆಯುಳಿಕೆ ದೊರೆತು, ಅದು ಹತ್ತು ಲಕ್ಷ ವರ್ಷಗಳಿಗಿಂತ ಹಳೆಯದೆಂದು ತಿಳಿದುಬಂದಾಗ ಆ ನಂಬಿಕೆ ಬಿದ್ದುಹೋಯಿತು. ಮರ ಮನುಷ್ಯನಿಗಿಂತ ಮೊದಲೇ ಬಂದು ಕಾದಿತ್ತು. ದೋಣಿಯಲ್ಲಿ ಬಂದುದು ಅದರ ಹೆಸರು.

ಆ ಹೆಸರಿನ ಪಯಣ ಭಾಷಾಭ್ಯಾಸಿಗಳಿಗೆ ಕುತೂಹಲಕಾರಿಯಾದುದು. ಮಲಯ ಭಾಷೆಯಲ್ಲಿ ಈ ಜಾತಿಯ ಗಿಡಕ್ಕೆ 'ಪಂದನ್' ಎಂದು ಹೆಸರು. ಸಸ್ಯಶಾಸ್ತ್ರದ 'ಪಾಂಡಾನಸ್' ಎಂಬ ಕುಲನಾಮ ಅದರಿಂದ ಬಂದುದು. ಅದೇ ಮೂಲಶಬ್ದ ಪೂರ್ವಕ್ಕೆ ದ್ವೀಪದಿಂದ ದ್ವೀಪಕ್ಕೆ ಸಾಗಿ ಸಮೋವದಲ್ಲಿ 'ಫಲ', ತಾಹಿತಿಯಲ್ಲಿ 'ಫರ', ಹವಾಯಿಯಲ್ಲಿ 'ಹಲ' ಅಥವಾ 'ಹಾಲ' ಆಯಿತು. ಪಕಾರ ಫಕಾರವಾಗಿ, ಫಕಾರ ಹಕಾರವಾಯಿತು. ಹಳಗನ್ನಡದ 'ಪಾಲ್', 'ಪೂ', 'ಪಲಸು' ಶಬ್ದಗಳು 'ಹಾಲು', 'ಹೂ', 'ಹಲಸು' ಆದುದನ್ನು ಬಲ್ಲ ಕನ್ನಡದ ವಿದ್ಯಾರ್ಥಿಗೆ ಈ ಬದಲಾವಣೆ ಅಪರಿಚಿತವೆನಿಸದು. ಎರಡೂ ಭಾಷೆಗಳಿಗೆ ಸಂಬಂಧವಿಲ್ಲ. ಧ್ವನಿಗಳು ನಡೆದ ದಾರಿ ಮಾತ್ರ ಒಂದೇ.

ಹವಾಯಿಯ ಕಾಡಿನ ಅರಸನೆಂದು ಕರೆಯಬಹುದಾದ ಮರ 'ಓಹಿಅ ಲೆಹುಅ'. ಲಾವಾ ತಣಿದ ಕೆಲವೇ ವರ್ಷಗಳಲ್ಲಿ ಬಂಡೆಯ ಬಿರುಕಿನಲ್ಲಿ ಮೊಳೆಯುವುದು ಇದು. ಮಳೆಕಾಡಿನಲ್ಲಿ ಎತ್ತರದ ಮರವಾಗಿಯೂ ಜೌಗಿನಲ್ಲಿ ಮೊಳಕಾಲೆತ್ತರದ ಪೊದೆಯಾಗಿಯೂ ಬೆಳೆಯುತ್ತದೆ. ಕೆಂಪು ಕೇಸರಗಳೇ ಗೊಂಚಲಾಗಿ ಅರಳುವ ಇದರ ಹೂವೇ 'ಲೆಹುಅ'. 'ಓಹಿಅ' ಎಂಬ ಹೆಸರು ಮೊದಲು ಇದರದಾಗಿರಲಿಲ್ಲ. ಪನ್ನೇರಳೆಗೆ ಹತ್ತಿರದ, ಕೆಂಪು ಹಣ್ಣು ಬಿಡುವ ಒಂದು ಮರವನ್ನು ಫಿಜಿಯಲ್ಲಿ 'ಕವಿಕ' ಎಂದೂ ತಾಹಿತಿಯಲ್ಲಿ 'ಅಹಿಅ' ಎಂದೂ ಕರೆಯುತ್ತಾರೆ. ಈ ಮರದ ಹೂವೂ ಕೇಸರಗಳ ಗೊಂಚಲೇ. ಹವಾಯಿಗೆ ಬಂದಿಳಿದವರು ಹೊಸ ಕಾಡಿನಲ್ಲಿ ಅಂಥದೇ ಹೂವನ್ನು ಕಂಡು ಬಿಟ್ಟುಬಂದ ನೆಲದ ಹೆಸರನ್ನೇ ಇದಕ್ಕೂ ಇಟ್ಟರು. ಎರಡು ಮರಗಳೂ ನೇರಳೆಯ ಕುಟುಂಬಕ್ಕೇ ಸೇರಿದವೆಂದು ಸಸ್ಯಶಾಸ್ತ್ರ ಬಹಳ ಕಾಲದ ಮೇಲೆ ಹೇಳಿತು. ಹೆಸರಿಟ್ಟವರ ಕಣ್ಣು ತಪ್ಪಿರಲಿಲ್ಲ.

೨. ದೋಣಿಯಲ್ಲಿ ಬಂದವು

ದಕ್ಷಿಣದ ದ್ವೀಪಗಳಿಂದ ಪಾಲಿನೀಸಿಯನ್ನರು ಜೋಡಿದೋಣಿಗಳಲ್ಲಿ ಹವಾಯಿಗೆ ಬಂದು ನೆಲೆಸಿದುದು ಸುಮಾರು ಕ್ರಿ.ಶ. ೧೦೦೦ ಮತ್ತು ೧೨೦೦ರ ನಡುವೆ ಎಂಬುದು ಇಂದಿನ ವಿದ್ವಾಂಸರಲ್ಲಿ ಹೆಚ್ಚು ಮನ್ನಣೆ ಪಡೆದಿರುವ ಅಭಿಪ್ರಾಯ. ಕಾಡಿನಲ್ಲಿ ಹೂವು ಹೇರಳವಾಗಿದ್ದರೂ ಹೊಟ್ಟೆ ತುಂಬಿಸುವ ಗಡ್ಡೆ, ಹಣ್ಣು ಅಲ್ಲಿ ಬಹಳ ಕಡಿಮೆ. ಬಂದವರು ತಮ್ಮೊಡನೆ ಸುಮಾರು ಎರಡು ಡಜನ್ ಸಸ್ಯಗಳನ್ನು ತಂದರು. ಅವುಗಳ ಪಟ್ಟಿ ಕರಾವಳಿ ಕರ್ನಾಟಕದ ಹಿತ್ತಿಲೊಂದರ ಪಟ್ಟಿಯಂತೆಯೇ ಇದೆ. ತೆಂಗು 'ನಿಉ', ಬಾಳೆ 'ಮೈಅ', ಕಬ್ಬು 'ಕೋ', ಅರಿಶಿನ 'ಓಲೆನ', ಕೆಸು 'ಕಲೊ', ಹೊನ್ನೆ 'ಕಮನಿ', ದೀವಿಹಲಸು 'ಉಲು'. ಓಲೆನದಲ್ಲಿರುವ 'ಲೆನ' ಎಂಬುದಕ್ಕೆ ಹಳದಿ ಬಣ್ಣವೆಂದೇ ಅರ್ಥ. ಕನ್ನಡದಲ್ಲಿಯೂ ಗಿಡಕ್ಕೂ ಬಣ್ಣಕ್ಕೂ 'ಅರಿಶಿನ' ಎಂಬ ಒಂದೇ ಮಾತು ನಡೆಯುತ್ತದೆ.

ಇವುಗಳಲ್ಲಿ ಅತ್ಯಂತ ಪೂಜ್ಯವಾದುದು ಕಲೊ, ಎಂದರೆ ಕೆಸು. ಇದೇ ಶಬ್ದ ಸಮೋವದಲ್ಲಿ 'ತಲೊ', ತಾಹಿತಿಯಲ್ಲಿ 'ತರೊ'. ಹಳೆಯ ತಕಾರ ಹವಾಯಿ ಭಾಷೆಯಲ್ಲಿ ಕಕಾರವಾಯಿತು. ನೀರು ಹರಿಯುವ ಗದ್ದೆಗಳನ್ನು ಕಟ್ಟಿ ಇದನ್ನು ಬೆಳೆಯುತ್ತಿದ್ದರು. ಗಡ್ಡೆಯನ್ನು ಬೇಯಿಸಿ, ಕಲ್ಲಿನಿಂದ ಕುಟ್ಟಿ, ನೀರು ಬೆರೆಸಿ ಮಾಡುವ 'ಪೊಯಿ' ಅವರ ನಿತ್ಯದ ಅನ್ನ. ಎಲೆಗೆ 'ಲೂಅವು' ಎಂದು ಹೆಸರು. ಈ ಎಲೆಯ ಅಡುಗೆಯಿಲ್ಲದೆ ಔತಣವಿಲ್ಲವಾದುದರಿಂದ ಔತಣಕ್ಕೇ ಲೂಅವು ಎಂಬ ಹೆಸರು ಬಂದಿತು. ಕೆಸುವಿನಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಗಂಟಲನ್ನು ಕೆರೆಯುತ್ತವೆ. ಚೆನ್ನಾಗಿ ಬೇಯಿಸಿದಾಗ ಆ ತುರಿಕೆ ಇಳಿಯುತ್ತದೆ. ಪತ್ರೊಡೆ ಮಾಡುವವರಿಗೆ ತಿಳಿದಿರುವ ಈ ಎಚ್ಚರಿಕೆಯನ್ನು ಹವಾಯಿಯ ಗೃಹಿಣಿಯೂ ಬಲ್ಲಳು.

ಕಲೊ ಬರಿಯ ಆಹಾರವಲ್ಲ. ಆಕಾಶಪುರುಷನಾದ ವಾಕೆಅ ಮತ್ತು ಹೊಒಹೋಕೂಕಲನಿ ಇವರಿಗೆ ಮೊದಲು ಹುಟ್ಟಿದ ಮಗು ಜೀವವಿಲ್ಲದ್ದಾಗಿತ್ತು. ಅದನ್ನು ಹೂಳಿದ ಜಾಗದಲ್ಲಿ ಎಲೆಯಾಡಿಸುವ ಕಲೊ ಗಿಡ ಹುಟ್ಟಿತು. ಎರಡನೆಯ ಮಗು ಹಾಲೊಅ ಮನುಷ್ಯರ ಮೂಲಪುರುಷನಾದನು. ಈ ಪುರಾಣದಂತೆ ಕಲೊ ಹವಾಯಿ ಜನರಿಗೆ ಅಣ್ಣ. ಅಣ್ಣ ಅನ್ನ ಕೊಡುತ್ತಾನೆ, ತಮ್ಮ ಅವನ ಗದ್ದೆಯನ್ನು ಕಾಯಬೇಕು. ಕಲೊ ಗಡ್ಡೆಯ ಬದಿಯಲ್ಲಿ ಒಡೆಯುವ ಮರಿಗೆ 'ಓಹಾ' ಎಂದು ಹೆಸರು. 'ಒಹನ' ಎಂಬ ಕುಟುಂಬವಾಚಕ ಅದರಿಂದ ಬಂದುದೆಂದು ಹವಾಯಿ ವಿದ್ವಾಂಸರು ವಿವರಿಸುತ್ತಾರೆ. 'ವಂಶದ ಕುಡಿ' ಎಂಬ ಕನ್ನಡದ ಮಾತಿನ ಹಿಂದೆಯೂ ಇಂಥದೇ ಕಲ್ಪನೆಯಿದೆ.

ಉಲು ಅಥವಾ ದೀವಿಹಲಸಿನ ಹವಾಯಿ ತಳಿಗೆ ಬೀಜವಿಲ್ಲ. ಬೇರಿನಿಂದ ಚಿಗುರುವ ಸಸಿಯನ್ನು ಮಣ್ಣಿನೊಡನೆ ಎತ್ತಿ, ಒಣಗದಂತೆ, ಉಪ್ಪುನೀರು ತಾಗದಂತೆ ವಾರಗಟ್ಟಲೆ ಕಾಪಾಡಿ ತರದಿದ್ದರೆ ಅದು ಹವಾಯಿಯಲ್ಲಿ ಇರುತ್ತಿರಲಿಲ್ಲ. ಅಲ್ಲಿಯ ಒಂದೊಂದು ಉಲು ಮರವೂ ಆ ಎಚ್ಚರದ ಸಂತತಿ. ಕನ್ನಡದ ಹೆಸರೂ ತನ್ನ ಕಥೆಯನ್ನು ಹೇಳುತ್ತದೆ. 'ದೀವಿ' ಎಂಬುದು 'ದ್ವೀಪ'ದ ತದ್ಭವ. ದೀವಿಹಲಸು ಎಂದರೆ ದ್ವೀಪದಿಂದ ಬಂದ ಹಲಸು. ತುಳುನಾಡಿನಲ್ಲಿ ಜೀಗುಜ್ಜೆ ಎಂದು ಕರೆದು ಪಲ್ಯ ಮಾಡುವ ಈ ಕಾಯಿ ಎಲ್ಲಿಂದ ಬಂದಿತೆಂಬುದನ್ನು ಯಾವ ಶಾಸನವೂ ಹೇಳಬೇಕಾಗಿಲ್ಲ. ಹೆಸರೇ ಹೇಳಿದೆ.

ಗೆಣಸಿನ ಕಥೆ ಇನ್ನೂ ವಿಚಿತ್ರವಾದುದು. ಅದರ ಮೂಲ ದಕ್ಷಿಣ ಅಮೆರಿಕ. ಯುರೋಪಿನ ಹಡಗುಗಳು ಶಾಂತಸಾಗರಕ್ಕೆ ಬರುವ ಮೊದಲೇ ಅದು ಪಾಲಿನೀಸಿಯದಲ್ಲಿ ಇತ್ತು. ನ್ಯೂಜಿಲೆಂಡಿನ ಮಾವೊರಿಗಳು ಅದನ್ನು 'ಕೂಮರ' ಎನ್ನುತ್ತಾರೆ. ಹವಾಯಿಯ 'ಉಅಲ' ಅದೇ ಶಬ್ದದ ಸವೆದ ರೂಪ. ಆಂಡಿಸ್ ಪರ್ವತ ಪ್ರದೇಶದ ಕೆಚುವಾ ಉಪಭಾಷೆಗಳಲ್ಲಿಯೂ 'ಕುಮರ' ಎಂಬ ಮಾತು ದಾಖಲಾಗಿದೆ. ಸಾಗರದ ಎರಡು ದಡಗಳ ನಡುವೆ ಎಂದೋ ನಡೆದ ಭೇಟಿಗೆ ಒಂದು ಗಡ್ಡೆ ಮತ್ತು ಒಂದು ಹೆಸರು ಸಾಕ್ಷಿಯಾಗಿ ಉಳಿದಿವೆ.

ಎಣ್ಣೆಯುಳ್ಳ ಕಾಯಿಗಳನ್ನು ಕಡ್ಡಿಗೆ ಪೋಣಿಸಿ ದೀಪದಂತೆ ಉರಿಸುತ್ತಿದ್ದ 'ಕುಕುಯಿ' ಮರವೂ ದೋಣಿಯಲ್ಲಿ ಬಂದುದೇ. ೧೯೫೯ರಲ್ಲಿ ಹವಾಯಿ ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯವಾದಾಗ ಇದನ್ನೇ ರಾಜ್ಯದ ಮರವೆಂದು ಘೋಷಿಸಲಾಯಿತು. ಹೊರಗಿನಿಂದ ಬಂದ ಮರವೊಂದು ನಾಡಿನ ಗುರುತಾಗುವಷ್ಟು ಒಳಗಿನದಾಗಿತ್ತು.

೩. ಹಡಗಿನಲ್ಲಿ ಬಂದವು

೧೭೭೮ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಹವಾಯಿಗೆ ಬಂದನು. ಅಲ್ಲಿಂದ ಮುಂದೆ ಗಿಡಗಳು ಬರುವ ವೇಗವೇ ಬದಲಾಯಿತು. ಲಕ್ಷಾಂತರ ವರ್ಷಗಳಲ್ಲಿ ಎರಡು ಮೂರು ನೂರು ಸಸ್ಯಗಳು ಬಂದಿದ್ದ ನೆಲಕ್ಕೆ ಎರಡು ಶತಮಾನಗಳಲ್ಲಿ ಸಾವಿರಾರು ಸಸ್ಯಗಳು ಬಂದವು. ಹೊಸದಾಗಿ ಬಂದವುಗಳನ್ನು ಹೆಸರಿಸಲು ಹವಾಯಿ ಭಾಷೆ ಎರಡು ವಿಶೇಷಣಗಳನ್ನು ಬಳಸಿಕೊಂಡಿತು. 'ಕಹಿಕಿ' ಎಂದರೆ ತಾಹಿತಿ, ಅದರಿಂದ ಕಡಲಾಚೆಯ ದೂರದೇಶ. 'ಹವೋಲೆ' ಎಂದರೆ ಪರದೇಶದ, ಮುಂದೆ ಬಿಳಿಯರ ಎಂಬ ಅರ್ಥವೂ ಬಂದಿತು.

ಅನಾನಸಿನ ಹಣ್ಣು ಹಾಲದ ಕಾಯಿಯಂತೆ ಕಂಡುದರಿಂದ ಅದು 'ಹಾಲ ಕಹಿಕಿ' ಆಯಿತು. ಆಲೂಗಡ್ಡೆ ಕಡಲಾಚೆಯ ಗೆಣಸಾಗಿ 'ಉಅಲ ಕಹಿಕಿ' ಎನಿಸಿತು. ಕನ್ನಡಿಗರು ಕಾಡುಬಾದಾಮಿ ಎನ್ನುವ ಮರಕ್ಕೆ ಹೊನ್ನೆಯ ಹೆಸರನ್ನೇ ಕೊಟ್ಟು 'ಕಮನಿ ಹವೋಲೆ' ಎಂದರು. ಕರ್ನಾಟಕದಲ್ಲಿ ಸುಬಾಬುಲ್ ಎಂದು ಪರಿಚಿತವಾಗಿರುವ ಮೆಕ್ಸಿಕೋ ಮೂಲದ ಗಿಡಕ್ಕೆ ಅಲ್ಲಿ 'ಕೊಅ ಹವೋಲೆ' ಎಂದು ಹೆಸರು. 'ಕೊಅ' ಎಂಬುದು ದೋಣಿ ಕೊರೆಯಲು ಬಳಸುತ್ತಿದ್ದ ಹವಾಯಿಯ ಸ್ವಂತ ಮರ. ಕನ್ನಡದಲ್ಲಿ ಸೀಮೆಬದನೆ, ಸೀಮೆಹುಣಸೆ, ಸೀಮೆಎಣ್ಣೆ ಎನ್ನುವಾಗ 'ಸೀಮೆ' ಮಾಡುವ ಕೆಲಸವನ್ನೇ ಅಲ್ಲಿ ಈ ಎರಡು ಮಾತುಗಳು ಮಾಡಿವೆ. ಭಾಷೆ ಹೊಸದನ್ನು ಹಳೆಯದರ ಪಕ್ಕದಲ್ಲಿ ಕೂರಿಸುತ್ತದೆ, ಆದರೆ ಅದು ಹೊಸದೆಂಬುದನ್ನು ಮರೆಯುವುದಿಲ್ಲ.

ಭಾರತದಿಂದ ಹೋದ ಒಂದು ಹೂವಿನ ಹೆಸರು ವಿಶೇಷ ಗಮನಕ್ಕೆ ಅರ್ಹವಾದುದು. ದುಂಡುಮಲ್ಲಿಗೆಯನ್ನು ಹವಾಯಿಯಲ್ಲಿ 'ಪೀಕಾಕೆ' ಎನ್ನುತ್ತಾರೆ. ನವಿಲಿಗೆ ಇಂಗ್ಲಿಷಿನಲ್ಲಿ ಹೇಳುವ 'ಪೀಕಾಕ್' ಎಂಬ ಶಬ್ದವೇ ಇದರ ಮೂಲ. ಹವಾಯಿಯ ರಾಜಕುಮಾರಿ ಕಇಉಲನಿ (೧೮೭೫–೧೮೯೯) ತನ್ನ ತೋಟದಲ್ಲಿ ನವಿಲುಗಳನ್ನೂ ಮಲ್ಲಿಗೆಯನ್ನೂ ಪ್ರೀತಿಯಿಂದ ಬೆಳೆಸಿದ್ದಳು. ಆಕೆಯ ಎರಡು ಪ್ರೀತಿಗಳು ಬೆರೆತು ಹೂವಿಗೆ ಹಕ್ಕಿಯ ಹೆಸರು ಅಂಟಿತು. ಹೂವೂ ಹಕ್ಕಿಯೂ ಭಾರತದ ಕಡೆಯವು, ಶಬ್ದ ಇಂಗ್ಲಿಷಿನದು, ಉಚ್ಚಾರಣೆ ಹವಾಯಿಯದು. ಇಂದು ಮದುವೆಯ ದಿನ ವಧುವಿನ ಕೊರಳಲ್ಲಿ ಪೀಕಾಕೆಯ ಎಳೆಗಳಿರುವುದು ಅಲ್ಲಿಯ ಶುಭಸಂಪ್ರದಾಯ.

ದೇವಕಣಗಿಲೆಯನ್ನು ಹವಾಯಿಗೆ ೧೮೬೦ರಲ್ಲಿ ತಂದವನು ಜರ್ಮನ್ ವೈದ್ಯ ವಿಲಿಯಂ ಹಿಲ್ಲೆಬ್ರಾಂಡ್. ಹೊನಲುಲುವಿನಲ್ಲಿ ಆತ ಬೆಳೆಸಿದ ತೋಟವೇ ಇಂದಿನ ಫಾಸ್ಟರ್ ಸಸ್ಯೋದ್ಯಾನ. ಹವಾಯಿಯ ಸ್ವಂತ ಸಸ್ಯಗಳನ್ನು ಕಾಡುಮೇಡು ಅಲೆದು ವಿವರಿಸಿದವನೂ ಆತನೇ. ಆ ಗ್ರಂಥ ಆತನ ಮರಣಾನಂತರ ೧೮೮೮ರಲ್ಲಿ ಪ್ರಕಟವಾಯಿತು. ಒಂದು ಕೈ ದಾಖಲಿಸುತ್ತಿದ್ದಾಗ ಇನ್ನೊಂದು ಕೈ ಹೊಸದನ್ನು ನೆಡುತ್ತಿತ್ತು. ಮೆಕ್ಸಿಕೋ ಮತ್ತು ಕೆರಿಬಿಯನ್ ಪ್ರದೇಶದ ಈ ಹೂವು ಹವಾಯಿಯಲ್ಲಿ ಸ್ವಾಗತದ ಹಾರವಾಯಿತು. ಕರ್ನಾಟಕದಲ್ಲಿ ಅದೇ ಹೂವು ದೇವಾಲಯದ ಅಂಗಳ ಸೇರಿ 'ದೇವ' ಎಂಬ ಪೂರ್ವಪದವನ್ನು ಪಡೆದುಕೊಂಡಿತು. ಎರಡೂ ಕಡೆ ಅದು ವಲಸೆಗಾರನೇ. ಎರಡೂ ಕಡೆ ಜನ ಅದನ್ನು ಮರೆತಿದ್ದಾರೆ.

ಈ ಮರೆವು ರಾಜ್ಯದ ಹೂವಿನ ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ೧೯೨೩ರಲ್ಲಿ ದಾಸವಾಳವನ್ನು ಹವಾಯಿಯ ಅಧಿಕೃತ ಹೂವೆಂದು ಘೋಷಿಸಿದಾಗ ಯಾವ ದಾಸವಾಳವೆಂದು ಹೇಳಿರಲಿಲ್ಲ. ಜನ ಏಷ್ಯಾದ ಕೆಂಪು ದಾಸವಾಳವನ್ನೇ ಆ ಹೂವೆಂದು ಭಾವಿಸಿದರು. ೧೯೮೮ರಲ್ಲಿ ಆ ಸ್ಥಾನವನ್ನು 'ಮಓ ಹೌ ಹೆಲೆ' ಎಂಬ ಹಳದಿ ಬಣ್ಣದ ಸ್ವಂತ ದಾಸವಾಳಕ್ಕೆ ಕೊಡಲಾಯಿತು. ಆರು ವರ್ಷಗಳ ಬಳಿಕ, ೧೯೯೪ರಲ್ಲಿ, ಅದೇ ಹೂವು ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿತು.

೪. ಗಂಧದ ಬೆಟ್ಟ

ಇಷ್ಟರವರೆಗೆ ಹೇಳಿದುದು ಬಂದ ಗಿಡಗಳ ಕಥೆ. ಹೋದ ಮರದ ಕಥೆಯೂ ಒಂದಿದೆ. ಕರ್ನಾಟಕದ ಶ್ರೀಗಂಧದ ಕುಲಕ್ಕೇ ಸೇರಿದ ಆರು ಪ್ರಭೇದಗಳು ಹವಾಯಿಯಲ್ಲಿವೆ. ಬೇರೆಲ್ಲಿಯೂ ಅವು ಬೆಳೆಯುವುದಿಲ್ಲ. ಅವುಗಳ ಹವಾಯಿ ಹೆಸರು 'ಇಲಿಅಹಿ'. ಶ್ರೀಗಂಧದಂತೆಯೇ ಇವೂ ನೆರೆಯ ಗಿಡದ ಬೇರಿಗೆ ತಮ್ಮ ಬೇರನ್ನು ಊರಿ ಸಾರ ಹೀರುವ ಅರೆಪರಾವಲಂಬಿಗಳು.

ಚೀನಾದ ಕ್ಯಾಂಟನ್ ಪೇಟೆಯಲ್ಲಿ ಗಂಧದ ಚೆಕ್ಕೆಗೆ ಎಂದಿನಿಂದಲೂ ಬೇಡಿಕೆಯಿತ್ತು. ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನನು ೧೭೯೨ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದ್ದನು. ಅದೇ ದಶಕದಲ್ಲಿ ಪಾಶ್ಚಾತ್ಯ ವರ್ತಕರು ಹವಾಯಿಯ ಗಂಧದ ವ್ಯಾಪಾರಕ್ಕೆ ಕೈಹಾಕಿದರು. ದ್ವೀಪಗಳನ್ನು ಒಂದುಗೂಡಿಸಿದ ಮೊದಲನೆಯ ಕಮೆಹಮೆಹ ರಾಜನು ಈ ವ್ಯಾಪಾರವನ್ನು ತನ್ನ ಕೈಯಲ್ಲಿಟ್ಟುಕೊಂಡಿದ್ದನು. ೧೮೧೯ರಲ್ಲಿ ಅವನು ಗತಿಸಿದ ಮೇಲೆ ನಾಯಕರು ತಮತಮಗೆ ವ್ಯಾಪಾರಕ್ಕಿಳಿದರು. ರೇಷ್ಮೆ, ಬಂದೂಕು, ಹಡಗುಗಳನ್ನು ಸಾಲವಾಗಿ ಕೊಂಡು ಗಂಧದ ಮರದಲ್ಲಿ ತೀರಿಸುವುದಾಗಿ ಒಪ್ಪಿದರು. ೧೮೨೬ರಲ್ಲಿ ಸಾಲ ತೀರಿಸಲೆಂದು ತೆರಿಗೆಯೊಂದನ್ನು ವಿಧಿಸಲಾಯಿತು. ಪ್ರತಿಯೊಬ್ಬ ಗಂಡಸೂ ಅರ್ಧ ಪಿಕುಲ್, ಎಂದರೆ ಸುಮಾರು ೩೦ ಕಿಲೋಗ್ರಾಂ ಗಂಧದ ಮರವನ್ನಾಗಲಿ ನಾಲ್ಕು ಸ್ಪೇನಿನ ಡಾಲರುಗಳನ್ನಾಗಲಿ ಕೊಡಬೇಕಾಗಿತ್ತು.

ಮೊಲೊಕಾಯಿ ದ್ವೀಪದ ಬೆಟ್ಟದ ಮೇಲೆ ಹಡಗಿನ ಒಡಲಿನ ಆಕಾರದ ಹೊಂಡವೊಂದು ಇಂದಿಗೂ ಇದೆ. ಅದು ತುಂಬುವಷ್ಟು ಮರ ಕಡಿದರೆ ಒಂದು ಹಡಗಿಗೆ ಸರಕು ಸಿದ್ಧವಾದಂತೆ. ಅಳತೆಗೆಂದು ತೋಡಿದ ಹೊಂಡ ಅದು. ಅಲ್ಲಿಂದ ಕಡಲತೀರಕ್ಕೆ ಜನ ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದರು. ಹೊತ್ತು ಹೊತ್ತು ಬೆನ್ನು ಜಡ್ಡುಗಟ್ಟಿದವರಿಗೆ 'ಕುಅ ಲೆಹೊ', ಜಡ್ಡುಬೆನ್ನಿನವರು, ಎಂಬ ಹೆಸರೇ ಬಂದಿತು. ಬೆಟ್ಟದಲ್ಲಿ ದುಡಿಯುವಾಗ ಕಲೊ ಗದ್ದೆಗಳು ಪಾಳುಬಿದ್ದು ಹಸಿವು ಕಾಣಿಸಿಕೊಂಡಿತು. ೧೮೩೦ರ ದಶಕ ಮುಗಿಯುವ ಹೊತ್ತಿಗೆ ಮಾರಲು ಮರ ಉಳಿದಿರಲಿಲ್ಲ.

ಇಂದಿಗೂ ಚೀನೀ ಭಾಷೆಯಲ್ಲಿ ಹೊನಲುಲು ನಗರಕ್ಕೆ 'ತಾನ್ ಶ್ಯಾಂಗ್ ಶಾನ್' ಎಂದು ಹೆಸರು. ಗಂಧದ ಬೆಟ್ಟ ಎಂದು ಅದರ ಅರ್ಥ. ಆ ನಗರದಲ್ಲಿ ಇಲಿಅಹಿ ಮರವನ್ನು ತೋರಿಸಬೇಕಾದರೆ ಇಂದು ಸಸ್ಯೋದ್ಯಾನಕ್ಕೋ ಬೆಟ್ಟದ ಕಾಲುದಾರಿಗೋ ಹೋಗಿ ಹುಡುಕಬೇಕು. ನಾಡನ್ನು ಗಂಧದ ಗುಡಿ ಎಂದು ಹಾಡುವ ಕನ್ನಡಿಗರಿಗೆ ಈ ಮಾತಿನ ಭಾರ ಬೇಗನೆ ತಿಳಿಯುತ್ತದೆ.

೫. ಅಳಿವು ಮತ್ತು ಉಳಿವು

೧೭೯೩ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್ ರಾಜನಿಗೆ ದನಗಳನ್ನು ಕಾಣಿಕೆಯಾಗಿ ಕೊಟ್ಟನು. ಅವು ಹೆಚ್ಚಲೆಂದು ಹತ್ತು ವರ್ಷಗಳ ಕಾಲ ಕೊಲ್ಲುವುದನ್ನು ನಿಷೇಧಿಸಲಾಯಿತು. ಮುಳ್ಳಿಲ್ಲದ, ಕಟುವಾಸನೆಯಿಲ್ಲದ ಸಸ್ಯಗಳ ಕಾಡಿಗೆ ದನ, ಆಡು, ಹಂದಿಗಳು ನುಗ್ಗಿದವು. ಆಮೇಲೆ ಕಬ್ಬಿನ ಮತ್ತು ಅನಾನಸಿನ ತೋಟಗಳು ತಗ್ಗಿನ ನೆಲವನ್ನೂ ಹೊಳೆಗಳ ನೀರನ್ನೂ ತೆಗೆದುಕೊಂಡವು. ಅಂದಕ್ಕೆಂದು ೧೯೬೧ರಲ್ಲಿ ತಂದ ಮೈಕೋನಿಯ ಎಂಬ ದಕ್ಷಿಣ ಅಮೆರಿಕದ ಮರ ತನ್ನ ಅಗಲ ಎಲೆಗಳ ನೆರಳಿನಲ್ಲಿ ಬೇರೆ ಯಾವ ಗಿಡವೂ ಬೆಳೆಯದಂತೆ ಮಾಡುತ್ತದೆ. ಹಿಮಾ��ಯದ ತಪ್ಪಲಿನ ಹಳದಿ ಸುಗಂಧಿ ಅಗ್ನಿಪರ್ವತದ ಕಾಡುಗಳ ತಳವನ್ನು ಮುಚ್ಚುತ್ತಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ನೆಲದಲ್ಲಿ ಹವಾಯಿಯ ಪಾಲು ಶೇಕಡ ಒಂದಕ್ಕಿಂತಲೂ ಕಡಿಮೆ. ಆ ದೇಶದ ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿ ಅದರ ಪಾಲು ಶೇಕಡ ೪೦ಕ್ಕೂ ಹೆಚ್ಚು.

ತೋಟಗಳು ಮುಚ್ಚಿದ ಮೇಲೂ ಕೇಡು ಮುಗಿಯಲಿಲ್ಲ. ಹವಾಯಿಯ ಕೊನೆಯ ದೊಡ್ಡ ಸಕ್ಕರೆ ತೋಟ ೨೦೧೬ರಲ್ಲಿ ಮಾವಿ ದ್ವೀಪದಲ್ಲಿ ನಿಂತುಹೋಯಿತು. ಪಾಳುಬಿದ್ದ ಹೊಲಗಳಲ್ಲಿ ಆಫ್ರಿಕಾ ಮೂಲದ ಹುಲ್ಲುಗಳು ಆಳೆತ್ತರ ಬೆಳೆದು ಒಣಗಿದವು. ೨೦೨೩ರ ಆಗಸ್ಟ್ ೮ರಂದು ಬಿರುಗಾಳಿಯಲ್ಲಿ ಹಬ್ಬಿದ ಬೆಂಕಿ ಅದೇ ದ್ವೀಪದ ಲಹೈನ ಪಟ್ಟಣವನ್ನು ಸುಟ್ಟಿತು. ನೂರಕ್ಕೂ ಹೆಚ್ಚು ಜನ ಸತ್ತರು. ಒಣಹುಲ್ಲು ಆ ಬೆಂಕಿಗೆ ದೊರೆತ ಮುಖ್ಯ ಇಂಧನಗಳಲ್ಲಿ ಒಂದಾಗಿತ್ತು. ಆ ಪಟ್ಟಣದ ನಡುವೆ ೧೮೭೩ರಲ್ಲಿ ನೆಟ್ಟ, ಭಾರತದಿಂದ ತರಿಸಿದ ಆಲದ ಮರವೊಂದಿದೆ. ಬೆಂಕಿಯಲ್ಲಿ ಅದೂ ಬೆಂದಿತು, ಕೆಲವೇ ವಾರಗಳಲ್ಲಿ ಚಿಗುರಿತು. ಮನೆ ಕಳೆದುಕೊಂಡವರು ಆ ಚಿಗುರನ್ನು ನೋಡಲು ಕಾದಿದ್ದರು. ಪರದೇಶದ ಹುಲ್ಲು ಊರನ್ನು ಸುಟ್ಟಿತು, ಪರದೇಶದ ಮರ ಊರಿಗೆ ಧೈರ್ಯ ಕೊಟ್ಟಿತು.

ಓಹಿಅ ಮರಕ್ಕೆ ಒದಗಿರುವ ವಿಪತ್ತು ಇನ್ನೂ ಹತ್ತಿರದ ಕಾಲದ್ದು. ಹವಾಯಿ ದ್ವೀಪದ ಪುನ ಪ್ರದೇಶದಲ್ಲಿ ಆರೋಗ್ಯವಾಗಿದ್ದ ಮರಗಳು ಕೆಲವೇ ವಾರಗಳಲ್ಲಿ ಒಣಗಿ ನಿಲ್ಲುವುದನ್ನು ಜನ ಕಂಡರು. ೨೦೧೪ರಲ್ಲಿ ಇದಕ್ಕೆ ಒಂದು ಶಿಲೀಂಧ್ರವೇ ಕಾರಣವೆಂದು ಗೊತ್ತಾಯಿತು. ೨೦೧೮ರಲ್ಲಿ ಅದರಲ್ಲಿ ಎರಡು ಪ್ರಭೇದಗಳಿವೆಯೆಂದು ನಿರ್ಣಯವಾಯಿತು. ತೊಗಟೆಯ ಗಾಯದ ಮೂಲಕ ಒಳಸೇರುವ ಈ ರೋಗ ಹತ್ತು ಲಕ್ಷಕ್ಕೂ ಹೆಚ್ಚು ಮರಗಳನ್ನು ಕೊಂದಿದೆ. ಕಾಡಿಗೆ ಹೋಗುವವರು ಪಾದರಕ್ಷೆಯನ್ನೂ ಕತ್ತಿಯನ್ನೂ ತೊಳೆದು ಹೋಗಬೇಕೆಂಬ ನಿಯಮ ಈಗ ರೂಢಿಯಾಗಿದೆ. ಹುಲಾ ನೃತ್ಯದ ಕೆಲವು ಶಾಲೆಗಳು ಲೆಹುಅ ಹೂವನ್ನು ಕೀಳುವುದನ್ನೇ ಬಿಟ್ಟವು. ಹಾಡಿನಲ್ಲಿ ಹೂವಿದೆ, ಮುಡಿಯಲ್ಲಿ ಇಲ್ಲ.

ಇದಕ್ಕಿಂತ ವಿಪರೀತವಾದುದು 'ಆಲುಲ' ಎಂಬ ಗಿಡದ ಸ್ಥಿತಿ. ಕವಾಯಿಯ ಕಡಲ ಕಡಿದಾದ ಬಂಡೆಗಳ ಮೇಲೆ ಬೆಳೆಯುತ್ತಿದ್ದ ಇದರ ಉದ್ದ ಕೊಳವೆಯ ಹೂವಿಗೆ ಪರಾಗ ಒಯ್ಯುತ್ತಿದ್ದ ಕೀಟ ಅಳಿದಿರಬೇಕೆಂದು ನಂಬಲಾಗಿದೆ. ಸಸ್ಯಶಾಸ್ತ್ರಜ್ಞರು ಹಗ್ಗ ಕಟ್ಟಿಕೊಂಡು ಇಳಿದು ಕುಂಚದಿಂದ ಪರಾಗಸ್ಪರ್ಶ ಮಾಡಿದರು, ಬೀಜ ತಂದರು. ೨೦೧೪ರ ಹೊತ್ತಿಗೆ ಕಾಡಿನಲ್ಲಿ ಉಳಿದಿದ್ದುದು ಒಂದೇ ಗಿಡ. ಆದರೆ ಯುರೋಪಿನ ಹೂವಿನ ಅಂಗಡಿಗಳಲ್ಲಿ ಅದೇ ಗಿಡ ಕುಂಡಗಳಲ್ಲಿ ಮಾರಾಟವಾಗುತ್ತಿದೆ. ಎಲ್ಲಿಂದಲೋ ಬಂದವು ದ್ವೀಪದಲ್ಲಿ ಸಾಮಾನ್ಯವಾದವು. ದ್ವೀಪದ ಸ್ವಂತ ಗಿಡ ಎಲ್ಲಿಯೋ ಸಾಮಾನ್ಯವಾಯಿತು.

ಉಳಿಸುವ ಕೆಲಸವೂ ನಡೆದಿದೆ. ಹೊನಲುಲುವಿನ ಲಯನ್ ಸಸ್ಯೋದ್ಯಾನದಲ್ಲಿ ಬೀಜಗಳನ್ನು ತಂಪಿನಲ್ಲಿ ಕಾಪಿಡಲಾಗುತ್ತಿದೆ. ಇದರೊಡನೆ ಭಾಷೆಯ ಉಳಿವನ್ನೂ ಸೇರಿಸಿ ನೋಡಬೇಕು. ೧೮೯೬ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಮಾಧ್ಯಮವನ್ನಾಗಿ ಮಾಡಿದಾಗ ಹವಾಯಿ ಭಾಷೆ ಮನೆಗಳಿಗೆ ಸರಿಯಿತು. ೧೯೫೭ರಲ್ಲಿ ಮೇರಿ ಕವೆನ ಪುಕುಯಿ ಮತ್ತು ಸ್ಯಾಮ್ಯುಯಲ್ ಎಲ್ಬರ್ಟ್ ಅವರ ನಿಘಂಟು ಪ್ರಕಟವಾಯಿತು. ೧೯೭೮ರಲ್ಲಿ ಹವಾಯಿ ಭಾಷೆಗೆ ರಾಜ್ಯಭಾಷೆಯ ಸ್ಥಾನ ದೊರೆಯಿತು. ೧೯೮೪ರಲ್ಲಿ ಹವಾಯಿ ಮಾಧ್ಯಮದ ಶಿಶುಶಾಲೆಗಳು ಆರಂಭವಾದವು. ಆ ಮಕ್ಕಳು ಕಲಿಯುವ ಹೆಸರುಗಳಲ್ಲಿ ಎಷ್ಟಕ್ಕೆ ಕಾಡಿನಲ್ಲಿ ಗಿಡವಿರುತ್ತದೆ ಎಂಬುದು ಇಂದಿನ ಚಿಂತೆ.

೬. ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಸಸ್ಯನಾಮಗಳು ಪದರಪದರವಾಗಿ ಕುಳಿತ ಚರಿತ್ರೆ. ಹಾಲ, ಹಾಲ ಕಹಿಕಿ ಎಂಬ ಎರಡು ಹೆಸರುಗಳ ನಡುವೆ ನೂರಾರು ವರ್ಷಗಳ ಅಂತರವಿದೆ. ಎರಡನೆಯದು, ಹೊರಗಿನಿಂದ ಬಂದುದೆಂಬ ಒಂದೇ ಕಾರಣದಿಂದ ಯಾವ ಗಿಡವೂ ಪರಕೀಯವಾಗುವುದಿಲ್ಲ. ಕಲೊ ದೋಣಿಯಲ್ಲಿ ಬಂದುದೇ ಆದರೂ ಜನರಿಗೆ ಅಣ್ಣನಾಯಿತು. ಮೈಕೋನಿಯವೂ ಬಂದುದೇ, ಆದರೆ ತನ್ನ ನೆರಳಿನಲ್ಲಿ ಇನ್ನೊಂದಕ್ಕೆ ಎಡೆಗೊಡಲಿಲ್ಲ. ಬಂದ ನೆಲದಲ್ಲಿ ಇತರರಿಗೆ ಜಾಗ ಬಿಟ್ಟು ಬೇರೂರುವುದು ಸಾಧ್ಯವೆಂಬುದಕ್ಕೆ ಕೆಸುವಿನ ಗದ್ದೆಯೇ ನಿದರ್ಶನ.

ಕನ್ನಡದ ಮಟ್ಟಿಗೆ ಈ ಬಗೆಯ ಅಧ್ಯಯನಕ್ಕೆ ವಿಪುಲವಾದ ಸಾಮಗ್ರಿಯಿದೆ. ೧೮೯೪ರ ಕಿಟ್ಟೆಲ್ ನಿಘಂಟಿನಲ್ಲಿ ನೂರಾರು ಸಸ್ಯನಾಮಗಳಿವೆ. ದೀವಿ, ಸೀಮೆ, ದೇವ, ಕಾಡು, ನಾಡು ಮೊದಲಾದ ಪೂರ್ವಪದಗಳನ್ನು ಹಿಡಿದು ಅವುಗಳನ್ನು ವಿಂಗಡಿಸಿದರೆ ಕನ್ನಡ ನಾಡಿನ ಕೃಷಿ, ವ್ಯಾಪಾರ, ವಲಸೆಗಳ ಚರಿತ್ರೆಗೆ ಹೊಸ ಆಧಾರಗಳು ದೊರೆಯುತ್ತವೆ. ಹೊರನಾಡಿನ ಕನ್ನಡ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಅನುಕೂಲವೂ ಉಂಟು. ಒಂದೇ ಕಾಯಿಗೆ ಮನೆಯಲ್ಲಿ ಒಂದು ಹೆಸರು, ಮಾರುಕಟ್ಟೆಯಲ್ಲಿ ಇನ್ನೊಂದು ಹೆಸರು ಕೇಳುತ್ತ ಬೆಳೆದವರು ಅವರು. ಆದರೆ ಈ ಕೆಲಸವನ್ನು ನಿಘಂಟಿನ ಪುಟಗಳಲ್ಲಿ ಮಾತ್ರ ಮಾಡಿದರೆ ಸಾಲದು. ಹೆಸರನ್ನು ಬರೆದುಕೊಳ್ಳುವಾಗ ಗಿಡದ ಎದುರು ನಿಂತು, ಅದನ್ನು ಆ ಹೆಸರಿನಿಂದ ಕರೆಯುವವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಗಿಡವೂ ಹೇಳುವವರೂ ಇರುವಾಗಲೇ ಆಗಬೇಕಾದ ಕೆಲಸ ಇದು.